ಮೂರು ಗಂಟೆಯಲ್ಲಿ ಆಗುವ ಕತ್ತಿ

ಓದುಗರ ಪತ್ರ: ‘ಫೋರ್ಜ್ಡ್ ಇನ್ ಫೈರ್’ ಎಂಬ ಟಿವಿ ಸ್ಪರ್ಧೆಯನ್ನು ಹೊಗಳಿ ಕಳೆದ ಸಂಚಿಕೆಯಲ್ಲಿ ಟಿಪ್ಪಣಿ ಬರೆದಿದ್ದೀರಿ. ಮೂರು ಗಂಟೆಯಲ್ಲಿ ಒಳ್ಳೆಯ ಕತ್ತಿ ಆಗುವುದುಂಟೇ? ಇದು ಕಸುಬಿಗೆ ಮಾಡುವ ಅವಮಾನವಲ್ಲವೇ? ಅದನ್ನು ನೋಡಿ ನನ್ನ ಮಗ ಕುಲುಮೆ ಹೂಡಬೇಕೆಂದು ಹಟ ಹಿಡಿದಿದ್ದಾನೆ. – ಶಿರಸಿಯ ಓದುಗರು

ಸಂಪಾದಕರ ಉತ್ತರ:

ಮಾನ್ಯರೇ,

ನಿಮ್ಮ ಅನುಮಾನದಲ್ಲಿ ಅರ್ಧ ಹುರುಳಿದೆ. ಅಮೆರಿಕದ ಹಿಸ್ಟರಿ ವಾಹಿನಿಯಲ್ಲಿ 2015ರಲ್ಲಿ ಶುರುವಾದ ಈ ಸ್ಪರ್ಧೆಯಲ್ಲಿ ನಾಲ್ವರು ಕಮ್ಮಾರರು ಸಾಮಾನ್ಯವಾಗಿ ಮೂರು ಗಂಟೆಯಲ್ಲಿ ಅಲಗು ಬಡಿದು ಕೊಡಬೇಕು; ಮುಂದಿನ ಸುತ್ತಿನಲ್ಲಿ ಅದಕ್ಕೆ ಹಿಡಿ ಕೂರಿಸಬೇಕು; ಉಳಿದ ಇಬ್ಬರು ತಮ್ಮ ತಮ್ಮ ಕುಲುಮೆಗೆ ಮರಳಿ ನಾಲ್ಕೈದು ದಿನಗಳಲ್ಲಿ ಚರಿತ್ರೆಯ ಆಯುಧವೊಂದನ್ನು ಮಾಡಿ ತರಬೇಕು. ಗೆದ್ದವರಿಗೆ 10,000 ಡಾಲರ್. ಅಲ್ಲಿ ಸೋಲನ್ನು ಮರೆಮಾಚುವುದಿಲ್ಲ ಎಂಬ ಕಾರಣಕ್ಕೇ ನಾವು ಅದನ್ನು ಮೆಚ್ಚಿದ್ದು. ಕೆಂಪಗೆ ಕಾದ ಅಲಗನ್ನು ಎಣ್ಣೆಯಲ್ಲಿ ಅದ್ದುವ ಗಳಿಗೆಯನ್ನೇ ನೋಡಿ: ನೆಟ್ಟಗೆ ಇಳಿದದ್ದು ಸೊಟ್ಟಗಾಗಿ ಮೇಲೆ ಬರುತ್ತದೆ, ಪೂರ್ತಿ ಗಡಸಾಗುವ ಮೊದಲಿನ ಕೆಲವೇ ಕ್ಷಣಗಳಲ್ಲಿ ಅದನ್ನು ನೇರ ಮಾಡಿಕೊಳ್ಳಬೇಕು, ಕೈ ತಡವಾದರೆ ಅಥವಾ ಒತ್ತಡ ಹೆಚ್ಚಾದರೆ ಕೂದಲೆಳೆಯ ಬಿರುಕು ಕಾಣಿಸಿಕೊಂಡು ಅಷ್ಟೂ ಹೊತ್ತಿನ ದುಡಿಮೆ ಮಣ್ಣುಪಾಲಾಗುತ್ತದೆ. ಇದರಲ್ಲಿ ನಟನೆ ಇಲ್ಲ. ಅನುಭವಿ ಕಮ್ಮಾರರಿಗೂ ಆಗುವಂಥದ್ದೇ.

ತಕರಾರು ಇರುವುದು ಕ್ಯಾಮೆರಾ ಎಲ್ಲಿ ನಿಲ್ಲುತ್ತದೆ ಎಂಬುದರಲ್ಲಿ. ಕಿಡಿ, ಸುತ್ತಿಗೆ, ಗಡಿಯಾರ ಇವು ತೆರೆಗೆ ಒಗ್ಗುತ್ತವೆ. ಕತ್ತಿಯ ಗುಣವನ್ನು ನಿಜವಾಗಿ ನಿರ್ಧರಿಸುವ ಹದಗಾರಿಕೆ, ಅಂದರೆ ಉಕ್ಕನ್ನು ಕಾಯಿಸಿ ತಣಿಸಿ ಹದಕ್ಕೆ ತರುವ ಕೆಲಸ, ಒಗ್ಗುವುದಿಲ್ಲ. ಇಂಗಾಲದ ಉಕ್ಕು 770 ಡಿಗ್ರಿ ಸೆಲ್ಸಿಯಸ್ ಸುಮಾರಿಗೆ ಅಯಸ್ಕಾಂತಕ್ಕೆ ಅಂಟುವುದನ್ನು ಬಿಡುತ್ತದೆ. ಅದಕ್ಕಿಂತ ತುಸು ಮೇಲಿನ ಕಾವಿನಲ್ಲಿ ಅದ್ದಬೇಕು. ಕಾವು ಮಿತಿಮೀರಿದರೆ ಒಳಗಿನ ಕಣಗಳು ದಪ್ಪವಾಗಿ ಅಲಗು ಪೆಡಸಾಗುತ್ತದೆ. ಅದ್ದಿದ ಮೇಲೆ 200 ಡಿಗ್ರಿಯ ಆಸುಪಾಸಿನ ಒಲೆಯಲ್ಲಿ, ಸಾಮಾನ್ಯವಾಗಿ ಎರಡು ಸಲ, ಒಂದೆರಡು ಗಂಟೆ ಇಟ್ಟು ಗಡಸುತನವನ್ನು ಬೇಕಾದಷ್ಟು ಇಳಿಸಿಕೊಳ್ಳಬೇಕು. ಮುಚ್ಚಿದ ಒಲೆಯನ್ನು ಅಷ್ಟು ಹೊತ್ತು ಯಾರು ನೋಡುತ್ತಾರೆ? ಹೀಗಾಗಿ ಕತ್ತಿ ಎಂದರೆ ತೋಳಿನ ಬಲ ಎಂಬ ಭಾವನೆ ನೋಡುಗರಲ್ಲಿ ಉಳಿದುಬಿಡುತ್ತದೆ.

ಪರೀಕ್ಷೆಗಳದ್ದೂ ಇದೇ ಕತೆ. ಜಿಂಕೆಯ ಕೊಂಬು ಕಡಿಯುವುದು, ಹಂದಿಯ ಕಳೇಬರ ಸೀಳುವುದು, ಕೊನೆಗೆ ‘ಇದು ಕೊಲ್ಲುತ್ತದೆ’ ಎಂಬ ತೀರ್ಪು. ತರಕಾರಿ ಹೆಚ್ಚಿ ಬದುಕು ಸವೆಸುವ ಕತ್ತಿಗಳೇ ಲೋಕದಲ್ಲಿ ಹೆಚ್ಚೆಂಬುದು ಅಲ್ಲಿ ನೆನಪಾಗುವುದೇ ಅಪರೂಪ. ಕತ್ತಿ ಬಡಿಯುವ ಕಮ್ಮಾರರ ಸಂಘವಾಗಿ 1976ರಲ್ಲಿ ಹುಟ್ಟಿದ ಅಮೆರಿಕನ್ ಬ್ಲೇಡ್‌ಸ್ಮಿತ್ ಸೊಸೈಟಿಯ ಪರೀಕ್ಷೆಯನ್ನು ಇದರ ಪಕ್ಕದಲ್ಲಿಡಿ. ನೇತುಬಿಟ್ಟ ಒಂದಿಂಚು ದಪ್ಪದ ಹಗ್ಗವನ್ನು ಒಂದೇ ಏಟಿಗೆ ಕಡಿಯಬೇಕು, ಮರದ ತೊಲೆಯನ್ನು ಎರಡು ಬಾರಿ ತುಂಡರಿಸಬೇಕು, ಆ ಬಳಿಕವೂ ಅಲಗಿನ ಅದೇ ಬಾಯಿ (ಹರಿತವಾದ ಅಂಚು) ತೋಳಿನ ರೋಮ ಬೋಳಿಸಬೇಕು, ಕಡೆಗೆ ಅಲಗನ್ನು ವೈಸ್‌ಗೆ ಕಚ್ಚಿಸಿ 90 ಡಿಗ್ರಿ ಬಗ್ಗಿಸಿದರೂ ಅದು ಮುರಿಯಬಾರದು. ಬಾಯಿ ಗಡಸು, ಬೆನ್ನು ಮೆದು: ಎರಡನ್ನೂ ಒಂದೇ ಅಲಗಿನಲ್ಲಿ ಹದಗೊಳಿಸಬಲ್ಲವರು ಮಾತ್ರ ಇದನ್ನು ದಾಟುತ್ತಾರೆ. ಟಿವಿಯ ತೀರ್ಪುಗಾರರಲ್ಲಿ ಒಬ್ಬರಾದ ಜೆ. ನೀಲ್ಸನ್ ಈ ಸೊಸೈಟಿಯ ಅತ್ಯುನ್ನತ ದರ್ಜೆಯಾದ ಮಾಸ್ಟರ್ ಸ್ಮಿತ್ ಪಡೆದವರು. ಆದ್ದರಿಂದ ಅಲ್ಲಿ ತಿಳಿವಳಿಕೆಗೆ ಬರವಿಲ್ಲ, ಅದನ್ನು ತೋರಿಸುವ ವ್ಯವಧಾನಕ್ಕೆ ಬರ.

ಇನ್ನೊಂದು ಮಾತು ನಮ್ಮ ಸೀಮೆಗೇ ಸೇರಿದ್ದು. ಸ್ಪರ್ಧೆಯಲ್ಲಿ ‘ಡಮಾಸ್ಕಸ್’ ಎನ್ನುವುದು ಬೇರೆ ಬೇರೆ ಉಕ್ಕಿನ ಪದರಗಳನ್ನು ಕಾಸಿ ಬೆಸೆದದ್ದು. ಹಿಂದೆ ಆ ಹೆಸರಿನಿಂದ ಖ್ಯಾತವಾದ ಕತ್ತಿಗಳ ನೀರಿನಲೆಯಂಥ ಗೆರೆ ಮೂಸೆಯಲ್ಲಿ (ಲೋಹ ಕರಗಿಸುವ ಪಾತ್ರೆಯಲ್ಲಿ) ಕರಗಿಸಿದ ಉಕ್ಕಿನೊಳಗೇ ಮೂಡಿದ್ದು. ಅಂಥ ಉಕ್ಕು ದಕ್ಷಿಣ ಭಾರತದಿಂದ ಹೊರದೇಶಗಳಿಗೆ ಹೋಗುತ್ತಿತ್ತು. 1800ರ ಸುಮಾರಿಗೆ ಈಸ್ಟ್ ಇಂಡಿಯಾ ಕಂಪನಿಗಾಗಿ ಮೈಸೂರು ಸೀಮೆ ಸುತ್ತಿದ ವೈದ್ಯ ಫ್ರಾನ್ಸಿಸ್ ಬುಕಾನನ್, ಕಬ್ಬಿಣವನ್ನು ತಂಗಡಿ ಕಡ್ಡಿ, ಹಸಿರೆಲೆಗಳೊಂದಿಗೆ ಮಣ್ಣಿನ ಮೂಸೆಯಲ್ಲಿಟ್ಟು ಉಕ್ಕು ಮಾಡುವುದನ್ನು ಬರೆದಿಟ್ಟಿದ್ದಾರೆ. ಈ ವ್ಯತ್ಯಾಸವನ್ನು ಕಾರ್ಯಕ್ರಮ ಒತ್ತಿ ಹೇಳಿದ್ದರೆ ಚೆನ್ನಿತ್ತು.

ಅವಮಾನ ಎಂಬಷ್ಟು ಕಟುವಾಗಿ ನಾನು ಹೇಳಲಾರೆ. ನಿಮ್ಮ ಮಗನನ್ನು ಕುಲುಮೆಯ ಕಡೆಗೆ ಸೆಳೆದದ್ದೂ ಅದೇ ಕಾರ್ಯಕ್ರಮವಲ್ಲವೇ? ಅವನನ್ನು ತಡೆಯಬೇಡಿ. ಖಡ್ಗದ ಆಸೆ ಬದಿಗಿಟ್ಟು, ಊರಿನ ಕಮ್ಮಾರರ ಬಳಿ ಕೂತು, ಲಾರಿಯ ಕಮಾನು ಪಟ್ಟಿಯ ತುಂಡಿನಿಂದ ಚಿಕ್ಕದೊಂದು ಅಡುಗೆಮನೆಯ ಚಾಕು ಬಡಿಯಲಿ. ಕಣ್ಣಿಗೆ ಕನ್ನಡಕ, ಎಣ್ಣೆಯ ಡಬ್ಬಿಗೆ ಮುಚ್ಚಳ ಇರಲಿ. ಮೊದಲ ಅಲಗಿಗೆ ಹಿಡಿ ಹಾಕದೆ, ಎಣ್ಣೆಯಲ್ಲಿ ಅದ್ದಿದ ಮೇಲೆ ಬೇಕೆಂದೇ ಮುರಿದು ನೋಡಲಿ. ಮುರಿದ ಮೈ ಸಕ್ಕರೆಯ ಹರಳಿನಂತೆ ಒರಟಾಗಿ ಹೊಳೆದರೆ ಕಾವು ಹೆಚ್ಚಾಗಿದೆ ಎಂದರ್ಥ. ಎರಡನೆಯದಕ್ಕೆ ಕಾವು ತಗ್ಗಿಸಿಕೊಳ್ಳಲಿ.

– ಸಂ.