ಎಸ್‌ಎಲ್‌ಆರ್‌ನಲ್ಲಿ ಖಾಲಿ ಕೇಸ್ ಯಾಕೆ ಸಿಕ್ಕಿಕೊಳ್ಳುತ್ತೆ?

ತುಮಕೂರಿನ ಎನ್‌ಸಿಸಿ ಕೆಡೆಟ್ ಒಬ್ಬರ ಪ್ರಶ್ನೆ: ಫೈರಿಂಗ್‌ನಲ್ಲಿ ಎಸ್‌ಎಲ್‌ಆರ್‌ನ (ಸೆಲ್ಫ್ ಲೋಡಿಂಗ್ ರೈಫಲ್‌ನ) ಖಾಲಿ ಕೇಸ್, ಅಂದರೆ ಗುಂಡು ಹಾರಿದ ಮೇಲೆ ಉಳಿಯುವ ಲೋಹದ ಕೊಳವೆ, ಹೊರಗೆ ಹಾರದೆ ಅರ್ಧಕ್ಕೇ ಸಿಕ್ಕಿಕೊಂಡಿತು, ಕಾರಣವೇನು?

ಬಹುಮಟ್ಟಿಗೆ ಗ್ಯಾಸ್ ಸಾಲದೇ ಇರೋದು. ಈ 7.62 ಎಂ.ಎಂ. ರೈಫಲ್‌ನಲ್ಲಿ ಗುಂಡು ಬ್ಯಾರಲ್ ದಾಟುವಾಗ ಮದ್ದು ಉರಿದು ಬಂದ ಸ್ವಲ್ಪ ಗ್ಯಾಸ್ ಮೇಲಿನ ಸಿಲಿಂಡರಿಗೆ ನುಗ್ಗಿ ಪಿಸ್ಟನ್ ತಳ್ಳುತ್ತೆ. ಆ ಏಟಿಗೇ ಬ್ರೀಚ್ ಬ್ಲಾಕ್ (ಬ್ಯಾರಲ್‌ನ ಹಿಂಬದಿ ಮುಚ್ಚುವ ಲೋಹದ ತುಂಡು) ಹಿಂದೆ ಸರಿದು ಕೇಸ್ ಹೊರಗೆ ಬೀಳೋದು. ಅಲ್ಲಿ ಮಸಿ ಕಟ್ಟಿದರೆ ಏಟು ಮೆತ್ತಗಾಗುತ್ತೆ. ಪಿಸ್ಟನ್‌ಗೆ ಎಷ್ಟು ಗ್ಯಾಸ್ ಸಿಗಬೇಕು ಅಂತ ಹೊಂದಿಸುವ ಗ್ಯಾಸ್ ರೆಗ್ಯುಲೇಟರ್ ಜಾಸ್ತಿ ತೆರೆದಿದ್ದರೂ ಅಷ್ಟೇ, ಗ್ಯಾಸ್ ಹೊರಗೆ ಹೋಗಿಬಿಡುತ್ತೆ.

ಎಲ್ಲರೂ ಮೊದಲು ರೆಗ್ಯುಲೇಟರ್‌ಗೇ ಕೈ ಹಾಕ್ತಾರೆ. ಅದು ತಪ್ಪು, ಮೊದಲು ಕ್ಲೀನಿಂಗ್ ಆಗಬೇಕು. ಉಸ್ತಾದರ (ತರಬೇತಿ ಕೊಡುವವರ) ಎದುರಿಗೇ ಮ್ಯಾಗಜಿನ್ ತೆಗೆದು, ಗುಂಡು ಕೂರುವ ಚೇಂಬರ್ ಖಾಲಿ ಇದೆಯಾ ಅಂತ ಕಣ್ಣಲ್ಲೂ ಬೆರಳಲ್ಲೂ ನೋಡಿ. ಇದನ್ನು ಒಂದು ದಿನವೂ ಬಿಡಬೇಡಿ. ಸಿಲಿಂಡರಿನ ಮುಂದಿನ ಮುಚ್ಚಳವಾದ ಗ್ಯಾಸ್ ಪ್ಲಗ್ ಬಿಚ್ಚಿ ಪಿಸ್ಟನ್ ಎಳೆದರೆ ಅದರ ತಲೆ ಇದ್ದಿಲಿನಂತೆ ಕಪ್ಪಗಿರುತ್ತೆ. ಚಿಂದಿಯಲ್ಲಿ ಲೋಹ ಕಾಣುವವರೆಗೂ ಉಜ್ಜಿ. ಪಿಸ್ಟನ್‌ಗೆ ಎಣ್ಣೆ ಮಾತ್ರ ಬೇಡ, ಒಣಗಿರಲಿ. ಬಿಸಿಗೆ ಎಣ್ಣೆ ಸುಟ್ಟು ಮತ್ತೆ ಮಸಿ ಕಟ್ಟುತ್ತೆ. ನಮ್ಮ ಶಿರಾ, ಪಾವಗಡ ಕಡೆಯ ಧೂಳಿಗೆ ಬೇರೆ ಭಾಗಗಳಿಗೂ ತೆಳ್ಳಗೆ ಒರೆಸಿದಷ್ಟು ಎಣ್ಣೆ ಸಾಕು.

ಇಷ್ಟಾದರೂ ಸಿಕ್ಕಿಕೊಂಡರೆ ಉಸ್ತಾದರು ರೇಂಜಿನಲ್ಲೇ ರೆಗ್ಯುಲೇಟರನ್ನು ಒಂದೊಂದೇ ಕ್ಲಿಕ್ ಮುಚ್ಚುತ್ತಾ ಸರಿಮಾಡ್ತಾರೆ.