ಮಾತ್ರೆ ನುಂಗದವರನ್ನೂ ಏಕೆ ಎಣಿಸಬೇಕು?

ಪ್ರಶ್ನೆ: ಹೊಸ ಔಷಧವೊಂದರ ಕ್ಲಿನಿಕಲ್ ಟ್ರಯಲ್ ವರದಿ ಓದಿದೆ. ಔಷಧದ ಗುಂಪಿನಲ್ಲಿದ್ದ ಹಲವರು ನಡುವೆಯೇ ಮಾತ್ರೆ ಬಿಟ್ಟಿದ್ದಾರೆ, ಕೆಲವರು ಒಂದು ದಿನವೂ ನುಂಗಿಲ್ಲ. ಆದರೂ ಫಲಿತಾಂಶದಲ್ಲಿ ಅವರೆಲ್ಲ ಔಷಧ ಪಡೆದವರ ಲೆಕ್ಕಕ್ಕೇ ಸೇರಿದ್ದಾರೆ. ಸೇವಿಸದವರ ಸಾವನ್ನು ಔಷಧದ ತಲೆಗೆ ಕಟ್ಟುವುದು ಯಾವ ನ್ಯಾಯ?

ಉತ್ತರ: ನಿಮ್ಮ ತಕರಾರು ಸಹಜವಾದದ್ದೇ. ಸಂಖ್ಯಾಶಾಸ್ತ್ರ ಕಲಿಯಲು ಬರುವ ವೈದ್ಯರೂ ಇದನ್ನೇ ಎತ್ತುತ್ತಾರೆ, ಅದೂ ಸ್ವಲ್ಪ ಸಿಟ್ಟಿನಿಂದಲೇ. ಅವರಿಗೆ ನಾನು ಮೊದಲು ತೋರಿಸುವುದು ಒಂದು ಹಳೆಯ ಅಧ್ಯಯನದ ನಾಲ್ಕು ಅಂಕಿಗಳನ್ನು.

ಅಮೆರಿಕದ ಕರೋನರಿ ಡ್ರಗ್ ಪ್ರಾಜೆಕ್ಟ್‌ನಲ್ಲಿ ಒಮ್ಮೆ ಹೃದಯಾಘಾತವಾಗಿ ಬದುಕುಳಿದ ಗಂಡಸರಿಗೆ ಕೊಲೆಸ್ಟರಾಲ್ ತಗ್ಗಿಸುವ ಕ್ಲೋಫೈಬ್ರೇಟ್ ಕೊಟ್ಟು ನೋಡಿದರು. 1980ರಲ್ಲಿ ಪ್ರಕಟವಾದ ಲೆಕ್ಕ ಹೀಗಿತ್ತು: ಔಷಧವನ್ನು ಶೇ 80ಕ್ಕಿಂತ ಕಡಿಮೆ ಸೇವಿಸಿದವರಲ್ಲಿ ಐದು ವರ್ಷದೊಳಗೆ ಸತ್ತವರು ಶೇ 24.6, ನಿಯಮದಂತೆ ಸೇವಿಸಿದವರಲ್ಲಿ ಶೇ 15. ಇಲ್ಲಿಗೇ ನಿಲ್ಲಿಸಿದರೆ ಕ್ಲೋಫೈಬ್ರೇಟ್ ಜೀವ ಉಳಿಸುವ ಔಷಧ. ಆದರೆ ಪಕ್ಕದಲ್ಲೇ ಪ್ಲಸೀಬೊ ಗುಂಪಿತ್ತು. ಔಷಧವೇ ಇಲ್ಲದ ಆ ಹುಸಿಮಾತ್ರೆಯನ್ನು ಸರಿಯಾಗಿ ನುಂಗದವರಲ್ಲಿ ಸುಮಾರು ಶೇ 28 ಮಂದಿ ಸತ್ತಿದ್ದರು. ತಪ್ಪದೆ ನುಂಗಿದವರಲ್ಲಿ? ಶೇ 15.1.

ಹುಸಿಮಾತ್ರೆ ಯಾರನ್ನೂ ಉಳಿಸಲಾರದು. ಅದನ್ನು ತಪ್ಪದೆ ನುಂಗುವ ಮನುಷ್ಯ ಬೇರೆ ಬಗೆಯವನು: ವೈದ್ಯರ ಮಾತು ಕೇಳುವವನಿರಬಹುದು, ಸಿಗರೇಟು ಬಿಟ್ಟವನಿರಬಹುದು, ಅಥವಾ ಮಾತ್ರೆ ಬಿಡಬೇಕಾಗುವಷ್ಟು ಕಾಯಿಲೆ ಅವನಲ್ಲಿ ಬಲಿತಿರಲಿಕ್ಕಿಲ್ಲ. ಗೊತ್ತಿದ್ದ ಅಂಶಗಳನ್ನೆಲ್ಲ, ಸುಮಾರು ನಲವತ್ತನ್ನು, ಸರಿದೂಗಿಸಿ ನೋಡಿದರೂ ಆ ಅಂತರ ಹೆಚ್ಚೇನೂ ಕರಗಲಿಲ್ಲ. ಅಳೆಯಲಾಗದ್ದನ್ನು ಸರಿದೂಗಿಸುವುದಾದರೂ ಹೇಗೆ? ಇನ್ನು ಎರಡು ಗುಂಪುಗಳನ್ನು ಇಡಿಯಾಗಿ ಹೋಲಿಸಿದಾಗ ಔಷಧದ ಕಡೆ ಸುಮಾರು ಶೇ 20, ಪ್ಲಸೀಬೊ ಕಡೆ ಶೇ 21. ಎಂದರೆ ಹೇಳಿಕೊಳ್ಳುವಂಥ ವ್ಯತ್ಯಾಸವೇ ಇಲ್ಲ.

ಟ್ರಯಲ್ ಆರಂಭದಲ್ಲಿ ಯಾರಿಗೆ ಯಾವ ಚಿಕಿತ್ಸೆ ಎಂಬುದನ್ನು ಕಂಪ್ಯೂಟರ್ ಚೀಟಿ ಎತ್ತಿದ ಹಾಗೆ ನಿರ್ಧರಿಸುತ್ತದೆ. ವಯಸ್ಸು, ರೋಗದ ತೀವ್ರತೆ, ಶಿಸ್ತು, ನಾವು ಹೆಸರೇ ಇಡದ ಇನ್ನೆಷ್ಟೋ ಗುಣಗಳು ಎರಡೂ ಕಡೆಗೆ ಹೆಚ್ಚು ಕಡಿಮೆ ಸಮನಾಗಿ ಹಂಚಿಹೋಗುವುದು ಆ ಒಂದು ಗಳಿಗೆಯಲ್ಲಿ ಮಾತ್ರ. ಆಮೇಲೆ ಯಾರು ಉಳಿದರು, ಯಾರು ಬಿಟ್ಟರು ಎಂದು ನೋಡಿ ಜನರನ್ನು ತೆಗೆದುಹಾಕುತ್ತ ಹೋದರೆ ಆ ಸಮತೋಲ ನಮ್ಮ ಕೈಯಿಂದಲೇ ಕೆಡುತ್ತದೆ.

ಶಸ್ತ್ರಚಿಕಿತ್ಸೆಯ ಟ್ರಯಲ್‌ಗಳಲ್ಲಿ ಇದು ಇನ್ನೂ ನಿಚ್ಚಳ. ಲೆಕ್ಕಕ್ಕೆಂದು ಒಂದು ಉದಾಹರಣೆ ಕಟ್ಟುತ್ತೇನೆ. ನೂರು ಮಂದಿ ಶಸ್ತ್ರಚಿಕಿತ್ಸೆಗೆ, ನೂರು ಮಂದಿ ಬರೀ ಔಷಧಕ್ಕೆ. ಶಸ್ತ್ರಚಿಕಿತ್ಸೆಯ ಸರದಿ ಬರುವ ಮುನ್ನವೇ ಐವರು ಸತ್ತರು, ಮಾಡಿಸಿಕೊಂಡ 95 ಮಂದಿಯಲ್ಲಿ ಮತ್ತೆ ಐವರು. ಔಷಧದ ಗುಂಪಿನಲ್ಲಿ ಒಟ್ಟು ಹತ್ತು ಸಾವು. ಹಂಚಿದ ಗುಂಪಿನಂತೆ ಎಣಿಸಿದರೆ ಎರಡೂ ಕಡೆ ನೂರಕ್ಕೆ ಹತ್ತು. ‘ನಿಜವಾಗಿ ಮಾಡಿಸಿಕೊಂಡವರನ್ನಷ್ಟೇ’ ಎಣಿಸಿದರೆ 95ಕ್ಕೆ 5, ಅಂದರೆ ಶೇ 5.3, ಎದುರಿಗೆ ಶೇ 10. ಸಾವು ಅರ್ಧಕ್ಕಿಳಿಯಿತೆಂದು ಸುದ್ದಿಯಾಗಲು ಇಷ್ಟು ಸಾಕು! ಸರದಿಯಲ್ಲಿದ್ದಾಗ ಸತ್ತ ಐವರನ್ನು ‘ಶಸ್ತ್ರಚಿಕಿತ್ಸೆ ಆಗದವರು’ ಎಂದು ಆಚೆ ಗುಂಪಿಗೆ ದಾಟಿಸಿದರಂತೂ ಅಲ್ಲಿ 105ಕ್ಕೆ 15, ಶೇ 14.3. ಒಬ್ಬರ ಹಣೆಬರಹವೂ ಬದಲಾಗಿಲ್ಲ, ಬದಲಾದದ್ದು ಎಣಿಕೆ ಮಾತ್ರ.

ಹಂಚಿದ ಗುಂಪಿನಂತೆಯೇ ಎಲ್ಲರನ್ನೂ ಎಣಿಸುವ ಈ ಕ್ರಮಕ್ಕೆ ‘ಇಂಟೆನ್ಷನ್ ಟು ಟ್ರೀಟ್’ ವಿಶ್ಲೇಷಣೆ ಎನ್ನುತ್ತಾರೆ. ಇದು ಉತ್ತರಿಸುವುದು ‘ಈ ಔಷಧ ಬರೆದುಕೊಟ್ಟರೆ ಏನಾಗುತ್ತದೆ’ ಎಂಬ ಪ್ರಶ್ನೆಯನ್ನು. ತಪ್ಪದೆ ನುಂಗಿದರೆ ಏನಾಗುತ್ತದೆ ಎಂಬುದು ಬೇರೆಯೇ ಪ್ರಶ್ನೆ. ಅದಕ್ಕೂ ವಿಧಾನಗಳಿವೆ, ಆದರೆ ನುಂಗದವರನ್ನು ಸುಮ್ಮನೆ ಕೈಬಿಡುವುದು ಅವುಗಳಲ್ಲಿ ಒಂದಲ್ಲ. ಇವೆರಡರಲ್ಲಿ ಯಾವ ಪ್ರಶ್ನೆಗೆ ಉತ್ತರ ಬೇಕೆಂಬುದನ್ನು ಟ್ರಯಲ್‌ಗೆ ಮೊದಲೇ ಬರೆದಿಡಬೇಕೆಂದು 2019ರ ಅಂತರರಾಷ್ಟ್ರೀಯ ಮಾರ್ಗಸೂಚಿಯೂ (ಔಷಧ ನಿಯಮಗಳನ್ನು ದೇಶಗಳ ನಡುವೆ ಹೊಂದಿಸುವ ಐಸಿಎಚ್ ಸಂಸ್ಥೆ, ಟ್ರಯಲ್‌ಗಳ ಸಂಖ್ಯಾಶಾಸ್ತ್ರ ಕುರಿತ ತನ್ನ ‘ಇ9’ ಮಾರ್ಗಸೂಚಿಗೆ ಸೇರಿಸಿದ ಅನುಬಂಧ) ಹೇಳುತ್ತದೆ.

ನಿಮ್ಮ ಅನುಮಾನಕ್ಕೆ ಪೂರ್ತಿ ಬೆಲೆ ಸಿಗುವ ಜಾಗವೂ ಒಂದಿದೆ. ಹೊಸ ಔಷಧ ಹಳೆಯದಕ್ಕಿಂತ ಕಡಿಮೆಯಿಲ್ಲ ಎಂದು ತೋರಿಸಲು ನಡೆಯುವ ಟ್ರಯಲ್‌ಗಳಲ್ಲಿ ಎರಡೂ ಕಡೆಯವರು ಮಾತ್ರೆ ಬಿಟ್ಟಷ್ಟೂ ಫಲಿತಾಂಶಗಳು ಒಂದೇ ರೀತಿ ಕಾಣತೊಡಗುತ್ತವೆ. ಅಲ್ಲಿ ನಿರ್ಲಕ್ಷ್ಯದಿಂದ ನಡೆಸಿದ ಟ್ರಯಲ್‌ಗೇ ಲಾಭ! ಹಾಗಾಗಿ ಅಂಥ ಕಡೆ ನಿಯಮ ಪಾಲಿಸಿದವರ ಲೆಕ್ಕವನ್ನೂ ಜೊತೆಗಿಟ್ಟು ನೋಡುತ್ತಾರೆ. ಎರಡೂ ಒಂದೇ ಮಾತು ಹೇಳದಿದ್ದರೆ ನಾನಂತೂ ನಂಬುವುದಿಲ್ಲ.

ಪ್ರಶ್ನೆ: ಅದೇ ವರದಿಯ ಕೊನೆಯಲ್ಲಿ, ಒಟ್ಟಾರೆ ಪ್ರಯೋಜನ ಕಾಣದಿದ್ದರೂ ‘60 ದಾಟಿದ ಮಹಿಳೆಯರಲ್ಲಿ ಔಷಧ ಫಲಕಾರಿ’ ಎಂದಿದೆ. ಇದನ್ನಾದರೂ ನಂಬಬಹುದೇ?

ಉತ್ತರ: ಅವಸರ ಬೇಡ. 1988ರಲ್ಲಿ ಪ್ರಕಟವಾದ ಐಸಿಸ್-2 ಅಧ್ಯಯನದಲ್ಲಿ ಹೃದಯಾಘಾತವಾದ 17,187 ರೋಗಿಗಳಿದ್ದರು. ಆಸ್ಪಿರಿನ್ ಸಾವನ್ನು ತಗ್ಗಿಸುತ್ತದೆ ಎಂಬುದು ಅಲ್ಲಿ ಅನುಮಾನಕ್ಕೆಡೆಯಿಲ್ಲದಂತೆ ಕಂಡಿತು. ಅದೇ ವರದಿಯಲ್ಲಿ ಸಂಶೋಧಕರು ರೋಗಿಗಳನ್ನು ಹುಟ್ಟಿದ ದಿನಾಂಕದ ಮೇಲೆ ಪಾಶ್ಚಾತ್ಯ ರಾಶಿಗಳಾಗಿ ವಿಂಗಡಿಸಿಯೂ ತೋರಿಸಿದರು: ಮಿಥುನ ಮತ್ತು ತುಲಾ ರಾಶಿಯವರಿಗೆ ಆಸ್ಪಿರಿನ್‌ನಿಂದ ಕೊಂಚ ಕೆಡುಕೇ ಆದಂತಿತ್ತು! ಉಪಗುಂಪುಗಳ ಮೇಲೆ ಭರವಸೆ ಇಡುವವರಿಗೆ ಕೊಟ್ಟ ಚಾಟಿಯೇಟು ಅದು.

ಕಾರಣ ಸರಳ. ಪರಿಣಾಮವೇ ಇಲ್ಲದ ಔಷಧವನ್ನು ಒಂದಕ್ಕೊಂದು ಸಂಬಂಧವಿಲ್ಲದ ಇಪ್ಪತ್ತು ಉಪಗುಂಪುಗಳಲ್ಲಿ ಶೇ 5ರ ಮಿತಿಯಿಟ್ಟು (ಅಂದರೆ ಪ್ರತಿ ಪರೀಕ್ಷೆಯಲ್ಲೂ ಇಲ್ಲದ ಫಲ ಕಾಣುವ ಸಾಧ್ಯತೆ ಶೇ 5 ಇರುವಂತೆ) ಪರೀಕ್ಷಿಸಿದರೆ, ಕನಿಷ್ಠ ಒಂದರಲ್ಲಾದರೂ ಆಕಸ್ಮಿಕವಾಗಿ ‘ಫಲ’ ಕಾಣುವ ಸಾಧ್ಯತೆ ಸುಮಾರು ಶೇ 64. ವಯಸ್ಸಾದ ಮಹಿಳೆಯರು ಎಂಬ ಈ ಗುಂಪು ಟ್ರಯಲ್ ಆರಂಭಕ್ಕೆ ಮೊದಲೇ ಯೋಜನೆಯಲ್ಲಿ ಬರೆದದ್ದೇ, ಅಥವಾ ಅಂಕಿಗಳು ಕೈಗೆ ಬಂದ ಮೇಲೆ ಹುಡುಕಿ ತೆಗೆದದ್ದೇ ಎಂದು ನೋಡಿ. ಮಹಿಳೆಯರಲ್ಲಿ ಕಂಡ ಪರಿಣಾಮ ಉಳಿದವರಲ್ಲಿ ಕಂಡದ್ದಕ್ಕಿಂತ ನಿಜಕ್ಕೂ ಬೇರೆಯೇ ಎಂಬುದಕ್ಕೆ ನೇರ ಪರೀಕ್ಷೆ ಮಾಡಿದ್ದಾರೆಯೇ ಎಂದೂ ಹುಡುಕಿ. ಎರಡೂ ಸಿಗದಿದ್ದರೆ, ಆ ಗುಂಪಿನವರನ್ನೇ ಸೇರಿಸಿಕೊಂಡು ನಡೆಯುವ ಮುಂದಿನ ಟ್ರಯಲ್‌ನ ಫಲಿತಾಂಶ ಬರುವವರೆಗೆ ಆ ವಾಕ್ಯದ ಆಧಾರದ ಮೇಲೆ ಯಾರೂ ಔಷಧ ಶುರುಮಾಡಬೇಕಿಲ್ಲ.