ಒಂದೇ ಮೋಟಾರು ನಡುಗಿ ನಿಂತುಬಿಟ್ಟರೆ

ನಮಸ್ಕಾರ. ಗೋವಾದ ಮೀರಾಮಾರ್ ಕಡಲತೀರದ ಮರಳಿನ ಮೇಲೆ ಇಳಿಸಿದ ಬಳಿಕ ನಿಮ್ಮ ಡ್ರೋನಿನ ಒಂದು ಬ್ರಷ್‌ಲೆಸ್ (ಒಳಗೆ ಉಜ್ಜುವ ಬ್ರಷ್ ಇಲ್ಲದ) ಮೋಟಾರು ನಡುಗುತ್ತದೆಯೇ ಹೊರತು ತಿರುಗುವುದಿಲ್ಲ, ಹೊಸದನ್ನು ಕೊಳ್ಳಬೇಕೇ ಎಂದು ಕೇಳಿದ್ದೀರಿ. ದಯವಿಟ್ಟು ಅವಸರಪಡಬೇಡಿ. ಬ್ಯಾಟರಿಯನ್ನೂ ರೆಕ್ಕೆಗಳನ್ನೂ ಕಳಚಿಟ್ಟು ಮೋಟಾರನ್ನು ಬೆರಳಿನಿಂದ ತಿರುಗಿಸಿ ನೋಡಿ. ಕರಕರ ಎಂದರೆ, ಮರಳಿನಲ್ಲಿರುವ ಕಬ್ಬಿಣದ ಕಪ್ಪು ಕಣಗಳು ಒಳಗಿನ ಅಯಸ್ಕಾಂತಗಳಿಗೆ ಅಂಟಿಕೊಂಡಿರುವ ಸಾಧ್ಯತೆಯೇ ಹೆಚ್ಚು. ಅವು ಊದಿದರೆ ಹೋಗುವುದಿಲ್ಲ, ಸೆಲ್ಲೋಟೇಪಿನ ತುದಿಯನ್ನು ಸಂದಿಗೆ ತೂರಿಸಿ ತಾಳ್ಮೆಯಿಂದ ಎತ್ತಬೇಕು. ಸರಾಗವಾಗಿ ತಿರುಗಿದರೂ ನಡುಕ ನಿಲ್ಲದಿದ್ದರೆ, ಮೂರು ತಂತಿಗಳಲ್ಲಿ ಒಂದರ ಬೆಸುಗೆ ಬಿಟ್ಟಿದೆಯೇ ಎಂದು ಮಲ್ಟಿಮೀಟರಿನಿಂದ ಎರಡೆರಡು ತಂತಿಗಳ ನಡುವೆ ಪರೀಕ್ಷಿಸಿ. ಅಲ್ಲಿಯೂ ದೋಷ ಕಾಣದಿದ್ದರೆ ಆ ಮೋಟಾರನ್ನು ಪಕ್ಕದ ಒಳ್ಳೆಯ ಮೋಟಾರಿನ ಇಎಸ್‌ಸಿಗೆ (ಮೋಟಾರಿನ ವೇಗವನ್ನು ನಿಯಂತ್ರಿಸುವ ವಿದ್ಯುನ್ಮಾನ ಭಾಗಕ್ಕೆ) ಜೋಡಿಸಿ, ರೆಕ್ಕೆ ಹಾಕದೆಯೇ ಕ್ಷಣಕಾಲ ಚಾಲೂ ಮಾಡಿ: ಅಲ್ಲಿ ಸರಿಯಾಗಿ ತಿರುಗಿದರೆ ಕೆಟ್ಟಿರುವುದು ಮೋಟಾರಲ್ಲ, ಮೊದಲಿನ ಇಎಸ್‌ಸಿ.